ಬಾಟಲಿಯ ತಳದ ಪುಡಿ

ಮಾರ್ಚ್ 3, ಸೋಮವಾರ

ಹೊಸ ಹೆಲ್ತ್ ಇನ್ಸ್‌ಪೆಕ್ಟರ್ ಬಂದು ಹೋದರು. ಹಳೆಯವರ ಹಾಗೆ ಆಫೀಸಿನಲ್ಲಿ ಕೂತು, ಕಾಫಿ ಕುಡಿದು, ಸಹಿ ಹಾಕಿ ಎದ್ದುಹೋಗುವ ಪೈಕಿಯಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ, ಪ್ಯಾಂಟಿನ ಕಾಲು ಮಡಚಿಕೊಂಡು, ಅಳತೆಯ ಟೇಪು ಹಿಡಿದು ಹೊರಟವರು ಮಧ್ಯಾಹ್ನ ಒಂದರವರೆಗೆ ಕೂರಲಿಲ್ಲ. ನಮ್ಮ ಪಾರ್ಕಿನಲ್ಲಿ ಪ್ರವಾಸಿಗರು ಓಡಿಸಿಕೊಂಡು ಬಂದು ತಂಗುವ ಮನೆಗಾಡಿಗಳಿಗೆ ನಲವತ್ತು ಜಾಗ, ಗುಡಾರದವರಿಗೆ ಹನ್ನೆರಡು. ಗಾಡಿಯಿಂದ ಗಾಡಿಗೆ ಹತ್ತು ಅಡಿ ಇದೆಯೇ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆಯೇ, ಗಾಡಿಯವರು ಕಕ್ಕಸಿನ ತೊಟ್ಟಿ ಖಾಲಿ ಮಾಡುವ ಗುಂಡಿಗೆ ಮುಚ್ಚಳವಿದೆಯೇ, ಆ ತೊಟ್ಟಿ ತೊಳೆಯುವ ಕಪ್ಪು ಪೈಪು ಕುಡಿಯುವ ನೀರಿನ ಬಿಳಿ ಪೈಪಿನ ಹತ್ತಿರ ಸುಳಿಯದಂತೆ ಬೇರೆ ಗೂಟಕ್ಕೆ ಸುತ್ತಿದೆಯೇ, ಎಲ್ಲವನ್ನೂ ಬಗ್ಗಿ ನೋಡಿದರು. ನೋಡಲಿ. ಹನ್ನೊಂದು ವರ್ಷದಿಂದ ಈ ಪಾರ್ಕ್ ನನ್ನ ಕೈಯಲ್ಲಿದೆ. ಇಲ್ಲಿನ ಸ್ನಾನದ ಮನೆಗಳ ನೆಲದ ಮೇಲೆ ಊಟ ಬಡಿಸಬಹುದು.

ಕೊನೆಗೆ ಪಂಪಿನ ಕೋಣೆ. ಬೋರ್‌ವೆಲ್ ನೀರಿಗೆ ಹನಿಹನಿಯಾಗಿ ಕ್ಲೋರಿನ್ ಬೆರೆಸುವ ಪುಟ್ಟ ಯಂತ್ರ ಇರುವುದು ಅಲ್ಲೇ. “ಇಲ್ಲಿಂದ ಮೊದಲನೇ ನಲ್ಲಿ ಎಷ್ಟು ದೂರ?” ಎಂದು ಕೇಳಿದರು. ಮೂವತ್ತು ಹೆಜ್ಜೆ ಎಂದೆ. ಹೂಂ ಎಂದು ಬರೆದುಕೊಂಡರು.

ಹೊರಡುವಾಗ ನೀರಿನ ಪರೀಕ್ಷೆಯ ಬಾಟಲಿ ಇದ್ದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. “ಹನ್ನೊಂದನೇ ತಾರೀಖು ಈ ಸಲದ ಪರೀಕ್ಷೆ. ನೀವೇ ತುಂಬಿ ಬಸ್ಸಿಗೆ ಹಾಕಿಬಿಡಿ. ಮುಂದಿನ ಸಲದಿಂದ ನಾನೇ ಬಂದು ತಗೋತೀನಿ. ಬಾಟಲಿ ತಳದಲ್ಲಿ ಚೂರು ಬಿಳಿ ಪುಡಿ ಇರುತ್ತೆ. ಅದು ಗಲೀಜಲ್ಲಮ್ಮ, ಬೇಕೂಂತಲೇ ಹಾಕಿರೋದು. ತೊಳೀಬೇಡಿ.”

“ಗೊತ್ತು ಸಾರ್,” ಎಂದೆ.

ಯಾಕೆ ಹಾಗೆಂದೆನೋ. ಗೊತ್ತಿರಲಿಲ್ಲ. ಅವರು ಹೆಲ್ಮೆಟ್ ಹಾಕಿಕೊಳ್ಳುವಾಗ ಬೇರೆ ಯಾರದೋ ವಿಷಯದಂತೆ ಕೇಳಿದೆ: “ಅಕಸ್ಮಾತ್ ಯಾರಾದ್ರೂ ತೊಳೆದುಬಿಟ್ರೆ ಏನಾಗುತ್ತೆ ಸಾರ್?”

“ಕ್ಲೋರಿನ್ನನ್ನ ನಿಲ್ಲಿಸೋಕೆ ಆ ಪುಡಿ ಹಾಕಿರೋದು. ತೊಳೆದುಬಿಟ್ರೆ ಕ್ಲೋರಿನ್ ಬಾಟಲಿಯೊಳಗೂ ಕೆಲಸ ಮಾಡ್ತಾನೇ ಇರುತ್ತೆ. ಲ್ಯಾಬಿಗೆ ಹೋಗೋಕೆ ಆರು ಗಂಟೆ ಬೇಕು. ನೀರಲ್ಲಿ ಕ್ರಿಮಿ ಇದ್ರೆ ಅಷ್ಟರಲ್ಲಿ ದಾರೀಲೇ ಸತ್ತುಹೋಗುತ್ತೆ. ಕಾಗದ ಚೆನ್ನಾಗಿ ಬರುತ್ತೆ. ಆದ್ರೆ ನಲ್ಲಿಗೆ ಲೋಟ ಹಿಡಿದು ಅಲ್ಲೇ ಕುಡಿಯೋನಿಗೆ ಆ ಆರು ಗಂಟೆ ಎಲ್ಲಿಂದ ಬರ್ಬೇಕು?”

ನಕ್ಕರು. ನಾನೂ ನಕ್ಕೆ. ಸ್ಕೂಟರ್ ಗೇಟು ದಾಟಿದ ಮೇಲೆ ಒಳಗೆ ಬಂದು ಕುರ್ಚಿಯಲ್ಲಿ ಕೂತೆ.

ಮಾರ್ಚ್ 4, ಮಂಗಳವಾರ

ಹದಿನಾರು ಬಾಟಲಿ. ಮೂರು ತಿಂಗಳಿಗೊಂದರಂತೆ ನಾಲ್ಕು ವರ್ಷ. ಅದಕ್ಕೂ ಮುಂಚೆ ಹಳೆಯ ಇನ್ಸ್‌ಪೆಕ್ಟರ್ ತಾವೇ ತುಂಬಿಕೊಳ್ಳುತ್ತಿದ್ದರು. ಮಂಡಿನೋವು ಶುರುವಾದ ಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ನಿಮಗಿಂತ ಚೊಕ್ಕಟವಾಗಿ ಯಾರು ತುಂಬ್ತಾರೆ?” ಎಂದರು. ಉಬ್ಬಿಹೋದೆ.

ಪ್ರತಿ ಸಲ ತಳದಲ್ಲಿ ಆ ಬಿಳಿ ಪುಡಿ ಕಾಣುತ್ತಿತ್ತು. ಸರ್ಕಾರದ ಬಾಟಲಿಯಲ್ಲವೇ, ಯಾರೋ ಸೋಮಾರಿ ತೊಳೆಯದೆ ಕಳಿಸಿದ್ದಾನೆ ಎಂದು ಬೈದುಕೊಂಡು, ಕುದಿಯುವ ನೀರಿನಲ್ಲಿ ಮೂರು ಸಲ ಗಲಬರಿಸಿ, ಒಗೆದ ಬಟ್ಟೆಯ ಮೇಲೆ ಬೋರಲು ಹಾಕಿ, ಒಣಗಿದ ಮೇಲೆ ನೀರು ತುಂಬುತ್ತಿದ್ದೆ. ಎಲ್ಲ ಕಾಗದಗಳೂ ಚೆನ್ನಾಗಿಯೇ ಬಂದವು. ‘ಕುಡಿಯಲು ಯೋಗ್ಯ.’ ಆಫೀಸಿನ ಹೊರಗಿನ ಬೋರ್ಡಿನಲ್ಲಿ ಅಂಟಿಸಿ ಕೆಳಗೆ ನನ್ನ ಸಹಿ ಹಾಕುತ್ತಿದ್ದೆ. ಇನ್ನೊಬ್ಬರಾಗಿದ್ದರೆ ಇಷ್ಟು ಶ್ರಮ ಪಡುತ್ತಿರಲಿಲ್ಲ, ಪುಡಿ ಉಳಿಯುತ್ತಿತ್ತು.

ನೀರು ಕೆಟ್ಟಿದೆ ಎಂದು ಯಾರು ಹೇಳಿದರು? ಯಾರೂ ಹೇಳಿಲ್ಲ. ಚೆನ್ನಾಗಿದೆ ಎಂದೂ ಈಗ ಯಾರೂ ಹೇಳಿದ ಹಾಗಾಗಲಿಲ್ಲ. ಹೋದ ಬೇಸಿಗೆಯಲ್ಲಿ ಇಪ್ಪತ್ತಮೂರನೇ ಜಾಗದವರ ಅವಳಿ ಹೆಣ್ಣುಮಕ್ಕಳಿಗೆ ವಾಂತಿಯಾದಾಗ, “ಕಂಡದ್ದೆಲ್ಲ ಕೊಡಿಸ್ತೀರಿ, ಇನ್ನೇನಾಗುತ್ತೆ?” ಎಂದು ಅವರ ತಾಯಿಗೆ ಬುದ್ಧಿ ಹೇಳಿದ್ದೆ. ಅದಕ್ಕೂ ಹಿಂದಿನ ವರ್ಷ ಗುಡಾರದ ಕಾಲೇಜು ಹುಡುಗರು ಮೂರು ದಿನ ಮಲಗಿದ್ದರು. ಕುಡಿದಿದ್ದಾರೆ ಎಂದುಕೊಂಡಿದ್ದೆ.

ನಮ್ಮವರಿಗೆ ಹೇಳಿಲ್ಲ. ಅವರು ಇಲ್ಲಿನ ಪೈಪು, ಪಂಪು, ಕರೆಂಟು ನೋಡಿಕೊಳ್ಳುವವರು. ಹೇಳಿದರೆ ಈಗಲೇ ಫೋನ್ ಮಾಡು ಎನ್ನುತ್ತಾರೆ. ಫೋನ್ ಮಾಡಿದರೆ ಪಾರ್ಕ್ ಮುಚ್ಚುತ್ತದೆ. ನಮ್ಮ ಮನೆ ಎಂದರೆ ಈ ಆಫೀಸಿನ ಹಿಂದಿನ ಎರಡು ಕೋಣೆ. ಈ ವಯಸ್ಸಿನಲ್ಲಿ ಪಾತ್ರೆಪಡಗ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಹನ್ನೊಂದನೇ ತಾರೀಖು ಪುಡಿ ಸಮೇತ ತುಂಬಿ ಕಳಿಸುತ್ತೇನೆ. ಅಷ್ಟರವರೆಗೆ ಹೆದರಿಕೊಂಡು ಏನು ಪ್ರಯೋಜನ? ಮನೆಗೆ ಮಾತ್ರ ನೀರು ಕುದಿಸಿದೆ. ನಮ್ಮವರಿಗೆ ಸ್ವಲ್ಪ ಕೆಮ್ಮು ಇದೆ, ಬಿಸಿನೀರು ಒಳ್ಳೆಯದು.

ಮಾರ್ಚ್ 6, ಗುರುವಾರ

ಗೇಟಿನಲ್ಲಿ ಮೂರು ಸಲ ಹಾರ್ನ್. ಬೇರೆ ಯಾವಾಗಲಾದರೂ ಆಗಿದ್ದರೆ ಓಡಿಹೋಗುತ್ತಿದ್ದೆ. ಡ್ರೈವರಣ್ಣ! ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೂ ಸ್ಟೀರಿಂಗ್ ಬಿಡಲಾರದೆ ಮನೆಗಾಡಿ ಕೊಂಡವರು. ವರ್ಷಕ್ಕೆ ಎರಡು ತಿಂಗಳು ಹೆಂಡತಿಯ ಜೊತೆ ಇಲ್ಲೇ. ನನ್ನನ್ನು ತಂಗಿ ಎನ್ನುತ್ತಾರೆ. ಅವರ ಹೆಂಡತಿ ನನಗೆ ಅತ್ತಿಗೆ. ರಕ್ತಸಂಬಂಧ ಏನೂ ಇಲ್ಲ, ಆದರೆ ನನಗೆ ಆಪರೇಷನ್ ಆದಾಗ ತಿಂಗಳುಗಟ್ಟಲೆ ತಲೆ ಬಾಚಿದವರು ಅತ್ತಿಗೆ.

ಹೋದ ವರ್ಷ ಅವರು ಬರಲಿಲ್ಲ. ಡ್ರೈವರಣ್ಣನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೆಪ್ಟೆಂಬರಿನಲ್ಲಿ ಅತ್ತಿಗೆ ತಮ್ಮದೊಂದನ್ನು ಕೊಟ್ಟರು. ಅಣ್ಣ ಅರ್ಧ ಇಳಿದುಹೋಗಿದ್ದಾರೆ, ಮೂಗಿಗೆ ಮಾಸ್ಕ್. ನಗು ಮಾತ್ರ ಹಾಗೇ ಇದೆ. “ಒಳಗಡೆ ಇವಳ ಸ್ಪೇರ್ ಪಾರ್ಟ್ ಹಾಕಿದ್ದಾರೆ ತಂಗೀ. ಇನ್ಮೇಲೆ ಎದುರು ಮಾತಾಡೋ ಹಾಗಿಲ್ಲ.”

“ಮಾತೇನು ಕಮ್ಮಿಯಾಗಿಲ್ಲ ಬಿಡು,” ಎಂದರು ಅತ್ತಿಗೆ. “ಬಂದಿರೋ ಕಿಡ್ನೀನ ಮೈ ಒದ್ದು ಹೊರಗೆ ಹಾಕ್ದಿರಲಿ ಅಂತ ಮಾತ್ರೆ ಕೊಟ್ಟಿದ್ದಾರೆ ಕಣೇ. ಆ ಮಾತ್ರೆ ಮೈಯೊಳಗಿನ ಕಾವಲನ್ನೇ ಮಲಗಿಸಿಬಿಡುತ್ತಂತೆ. ನಮಗೆ ನಿನಗೆ ಏನೂ ಮಾಡದ ಕ್ರಿಮಿ ಇವರಿಗೆ ಸಾಕು. ಡಾಕ್ಟರು ಪ್ರಯಾಣಕ್ಕೆ ಒಪ್ಪಲೇ ಇಲ್ಲ.”

“ಮತ್ತೆ ಹೇಗೆ ಬಂದ್ರಿ?” ಎಂದೆ.

ಡ್ರೈವರಣ್ಣ ಬೋರ್ಡಿನ ಕಡೆ ಕೈ ತೋರಿಸಿದರು. “ನಿನ್ನ ಕಾಗದದ ಫೋಟೋ ನಿಮ್ಮೆಜಮಾನ್ರು ಫೋನಿಗೆ ಕಳಿಸಿದ್ರಲ್ಲ, ಅದನ್ನೇ ಡಾಕ್ಟರಿಗೆ ತೋರಿಸ್ದೆ. ಈ ಹೆಣ್ಣುಮಗಳ ಸಹಿ ಇದ್ರೆ ಕಣ್ಣು ಮುಚ್ಚಿಕೊಂಡು ಕುಡೀಬಹುದು ಸಾರ್ ಅಂದೆ. ಒಪ್ಪಿಕೊಂಡ್ರು.”

ನಾಲ್ಕನೇ ಜಾಗ ಬೇಕೆಂದರು. ಅತ್ತಿಗೆ ಭಾರ ಎತ್ತಬಾರದು, ನಲ್ಲಿ ಅಲ್ಲಿಂದ ಹತ್ತಿರ. ಪಂಪಿನ ಕೋಣೆಯಿಂದ ಮೊದಲನೇ ನಲ್ಲಿ ಅದೇ. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮೂವತ್ತು ಹೆಜ್ಜೆ ಅಲ್ಲ, ಇವತ್ತು ಎಣಿಸಿ ನೋಡಿದೆ, ಇಪ್ಪತ್ತಾರು. ಕ್ರಿಮಿ ಕೊಲ್ಲಲು ಕ್ಲೋರಿನ್ನಿಗೆ ಸಿಗುವುದು ಅಷ್ಟೇ ದೂರ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಆರಕ್ಕೇ ಕುದಿಸಿ ಆರಿಸಿದ ನೀರು ಎರಡು ಕ್ಯಾನು ಹೊತ್ತುಕೊಂಡು ನಾಲ್ಕನೇ ಜಾಗಕ್ಕೆ ಹೋದೆ. “ಮೇಲಿನ ಟ್ಯಾಂಕು ತೊಳೀತಿದ್ದೀವಿ ಅತ್ತಿಗೆ, ನೀರು ಮಡ್ಡಿ ಬರಬಹುದು. ಎರಡು ದಿನ ಇದನ್ನೇ ಕುಡೀರಿ, ಅಡುಗೆಗೂ ಇದನ್ನೇ ಬಳಸಿ,” ಎಂದೆ. ಹಲ್ಲುಜ್ಜುವುದಕ್ಕೂ ಎಂದು ಸೇರಿಸಿದೆ. ಅತ್ತಿಗೆ ನಕ್ಕರು. ಸುಳ್ಳು ಎಷ್ಟು ಸಲೀಸಾಗಿ ಬಂತು.

ವಾಪಸ್ ಬರುವಾಗ ಅವಳಿ ಹುಡುಗಿಯರು ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದರು. ಇಪ್ಪತ್ತಮೂರರವರು ಈ ವರ್ಷವೂ ಬಂದಿದ್ದಾರೆ. “ಹಾಗೆ ಕುಡೀಬಾರ್ದು, ಲೋಟದಲ್ಲಿ ಕುಡೀರಿ,” ಎಂದು ಗದರಿದೆ. ಲೋಟದಲ್ಲಿ ಕುಡಿದರೆ ಏನು ವ್ಯತ್ಯಾಸ? ಮಧ್ಯಾಹ್ನ ಅವರಿಗೂ ಒಂದು ಕ್ಯಾನು ಕೊಟ್ಟುಬಂದೆ. ಮನೆಯಲ್ಲಿ ಹೆಚ್ಚಾಗಿತ್ತು.

ಮಾರ್ಚ್ 9, ಭಾನುವಾರ

ಇಪ್ಪತ್ತಾರು ಗಾಡಿ ಬಂದಿವೆ. ಕಿಟಕಿಯಲ್ಲಿ ಕೂತರೆ ಮೊದಲನೇ ಸಾಲಿನ ನಲ್ಲಿ ಕಾಣುತ್ತದೆ. ಯಾರು ತುಂಬಿಕೊಂಡರು, ಯಾರು ಅಲ್ಲೇ ಕುಡಿದರು, ನೋಡುತ್ತಲೇ ಇದ್ದೆ. ನಲವತ್ತರವರೆಗೆ ಎಣಿಸಿ ಬಿಟ್ಟೆ.

ಡ್ರೈವರಣ್ಣ ಬಾಗಿಲಿಗೆ ಬಂದು, “ಟ್ಯಾಂಕ್ ತೊಳೆದಾಯ್ತಾ ತಂಗೀ? ಕುದಿಸಿದ ನೀರಿಗೆ ರುಚೀನೇ ಇಲ್ಲ ಮಾರಾಯ್ತಿ,” ಎಂದರು. ಇನ್ನೂ ಆಗಿಲ್ಲ ಎಂದೆ. ನಮ್ಮವರು ಹಿಂದೆಯೇ ನಿಂತಿದ್ದರು. ಅಣ್ಣ ಹೋದ ಮೇಲೆ, “ಯಾವ ಟ್ಯಾಂಕೇ?” ಎಂದರು. ಕಾಯಿಲೆಯವರಲ್ಲವೇ, ಸುಮ್ಮನೆ ಎಚ್ಚರಿಕೆಗೆ ಹಾಗೆ ಹೇಳಿದೆ ಎಂದೆ. “ಒಳ್ಳೇದಾಯ್ತು ಬಿಡು,” ಎಂದು ಸ್ಪ್ಯಾನರ್ ಹುಡುಕುತ್ತಾ ಹೋದರು. ಇಷ್ಟು ಸುಲಭವಾಗಿ ನಂಬುವ ಗಂಡನನ್ನು ಕಂಡರೆ ಇವತ್ತು ಸಿಟ್ಟು ಬಂತು.

ಮಾರ್ಚ್ 11, ಮಂಗಳವಾರ

ತೊಳೆದೆ.

ಗೊತ್ತಿದ್ದೂ ತೊಳೆದೆ.

ಬೆಳಿಗ್ಗೆ ಬಾಟಲಿ ತೆಗೆದಾಗ ತೊಳೆಯುವ ಯೋಚನೆ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಪುಡಿ ಇತ್ತು, ಉಗುರಿನ ಮೇಲೆ ಹಿಡಿಯುವಷ್ಟು. ಹಾಗೇ ತುಂಬಿದರೆ ಎರಡು ದಿನದಲ್ಲಿ ನಿಜ ತಿಳಿಯುತ್ತದೆ. ಕೆಟ್ಟದ್ದೆಂದು ಬಂದರೆ? ಹಿಂದಿನ ಹದಿನಾರು ಹೇಗೆ ಚೆನ್ನಾಗಿದ್ದವು ಎಂದು ಕೇಳುತ್ತಾರೆ. ಅವಳಿ ಮಕ್ಕಳ ತಾಯಿ ಕೇಳುತ್ತಾಳೆ. ಡ್ರೈವರಣ್ಣನಿಗೆ ಇಲ್ಲಿಗೆ ಬರಲು ಅನುಮತಿ ಕೊಟ್ಟ ಡಾಕ್ಟರು ಕೇಳುತ್ತಾರೆ. ಒಲೆಯ ಮೇಲೆ ನೀರು ಕುದಿಯುತ್ತಲೇ ಇತ್ತು, ಈಗ ನಮ್ಮ ಒಲೆ ಆರುವುದೇ ಇಲ್ಲ. ಇನ್ನೊಂದೇ ಒಂದು ಸಲ ಎಂದುಕೊಂಡೆ. ಮುಂದಿನ ಸಲ ಹೇಗೂ ಇನ್ಸ್‌ಪೆಕ್ಟರೇ ಬರುತ್ತಾರೆ. ಅಷ್ಟರೊಳಗೆ ಕ್ಲೋರಿನ್ ಜಾಸ್ತಿ ಮಾಡಿಸಿ ಹೇಗೋ ಸರಿಪಡಿಸಬಹುದು.

ಮೂರು ಸಲ ಗಲಬರಿಸಿದೆ. ಕೊನೆಯ ಸಲ ಬಿಸಿನೀರು ಮುಂಗೈ ಮೇಲೆ ಚೆಲ್ಲಿಕೊಂಡೆ. ಹನ್ನೊಂದರ ಬಸ್ಸಿಗೆ ಕಳಿಸಿದ್ದಾಯಿತು.

ಮಾರ್ಚ್ 13, ಗುರುವಾರ

ಕಾಗದ ಬಂತು. ಕುಡಿಯಲು ಯೋಗ್ಯ.

ನಾನು ಮೇಜಿನ ಡ್ರಾಯರಿನಲ್ಲಿ ಹಾಕಿಡೋಣ ಎಂದುಕೊಳ್ಳುವಷ್ಟರಲ್ಲಿ ನಮ್ಮವರು ಅದನ್ನು ಬೋರ್ಡಿಗೆ ಅಂಟಿಸಿ, ಸಹಿಗೆ ಪೆನ್ನು ಹಿಡಿದು ನಿಂತಿದ್ದರು. ಹಾಕಿದೆ. ಅದನ್ನು ಮೊದಲು ಓದಿದವರು ಡ್ರೈವರಣ್ಣ. ಕನ್ನಡಕ ಮೂಗಿನ ತುದಿಗೆ ತಂದು ಒಂದೊಂದು ಅಕ್ಷರ ಓದಿ, “ಫಸ್ಟ್ ಕ್ಲಾಸ್,” ಎಂದರು.

ಸಂಜೆ ಕ್ಯಾನು ತೆಗೆದುಕೊಂಡು ಹೋದರೆ ಅತ್ತಿಗೆ ಬಾಗಿಲಲ್ಲೇ ತಡೆದರು. “ಸಾಕು ಕಣೇ, ಎಷ್ಟು ಹೊರ್ತೀಯ? ನಿನ್ನ ಸೊಂಟ ಬಿದ್ದುಹೋಗುತ್ತೆ. ಟ್ಯಾಂಕೂ ತೊಳೆದಾಯ್ತು, ಕಾಗದಾನೂ ಬಂತು. ಇನ್ನು ನಲ್ಲಿ ನೀರೇ ಸಾಕು. ನಿನ್ನ ಸಹಿ ನೋಡಿದ ಮೇಲೂ ಅನುಮಾನ ಪಟ್ರೆ ನಮ್ಮಂಥ ಕೃತಘ್ನರು ಯಾರಿದ್ದಾರೆ?”

ಪರವಾಗಿಲ್ಲ, ಇಟ್ಟುಕೊಳ್ಳಿ ಎಂದು ಎರಡು ಸಲ ಹೇಳಿದೆ. ಮೂರನೇ ಸಲ ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು. ಕ್ಯಾನು ಎತ್ತಿಕೊಂಡು ವಾಪಸ್ ಬಂದೆ. ಅತ್ತಿಗೆ ತಂಬಿಗೆ ಹಿಡಿದು ನಲ್ಲಿಯ ಕಡೆ ಹೋಗುವುದು ಕಿಟಕಿಯಿಂದ ಕಂಡಿತು. ಕೂಗಬೇಕೆಂದು ಬಾಯಿ ತೆರೆದೆ. ತಂಬಿಗೆ ತುಂಬಿತು, ಒಳಗೆ ಹೋದರು.

ಮಾರ್ಚ್ 15, ಶನಿವಾರ

ನಿನ್ನೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾಲ್ಕನೇ ಜಾಗದ ನಲ್ಲಿಯ ಹಿಡಿ ಕಳಚಿ ತಂದುಬಿಟ್ಟೆ. ನಲ್ಲಿ ಕೆಟ್ಟರೆ ನೀರಿಗೆ ನನ್ನ ಹತ್ತಿರವೇ ಬರಬೇಕಲ್ಲ. ನಮ್ಮವರಿಗೆ ಸುದ್ದಿ ಮುಟ್ಟಿ ಹತ್ತೇ ನಿಮಿಷದಲ್ಲಿ ಹೊಸ ಹಿಡಿ ಬಂತು. ಇಷ್ಟು ವರ್ಷ, “ಆ ನಲ್ಲಿ ಸೋರ್ತಿದೆ ರೀ,” ಎಂದರೆ ವಾರ ಬೇಕಾಗುತ್ತಿತ್ತು!

ಇವತ್ತು ಬೆಳಿಗ್ಗೆ ಒಳಗಿನ ವಾಷರನ್ನೇ ಕಿತ್ತೆ. ಅದನ್ನೂ ಹಾಕಿದರು. ಈಗ ನಲ್ಲಿಯ ಎದುರು ಕುರ್ಚಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಕಾವಲು ಕೂತಿದ್ದಾರೆ. “ಯಾವನೋ ತಲೆಹರಟೆ ಇದಾನೆ, ಇವತ್ತು ಕೈಗೆ ಸಿಗ್ಲಿ, ಬಿಡಲ್ಲ,” ಎನ್ನುತ್ತಾರೆ. ಡ್ರೈವರಣ್ಣ ಅವರ ಜೊತೆ ಇನ್ನೊಂದು ಕುರ್ಚಿ ಹಾಕಿಕೊಂಡು ಬಸ್ಸಿನ ಕಥೆ ಹೇಳುತ್ತಿದ್ದಾರೆ. ನಡುವೆ ನೀರಿನ ತಂಬಿಗೆ. ಇಬ್ಬರೂ ಎತ್ತಿ ಎತ್ತಿ ಕುಡಿಯುತ್ತಿದ್ದಾರೆ. ವಾಷರು ನನ್ನ ಸೆರಗಿನ ಗಂಟಿನಲ್ಲಿದೆ.

ಕುದಿಸಿದ ನೀರು ಈಗ ಹನ್ನೊಂದು ಗಾಡಿಗೆ ಹೋಗುತ್ತಿದೆ. ಒಬ್ಬರಿಗೆ ಗಂಟಲಿಗೆ ಒಳ್ಳೆಯದೆಂದು, ಇನ್ನೊಬ್ಬರಿಗೆ ಮಗುವಿನ ಹಾಲಿಗೆಂದು, ಮತ್ತೊಬ್ಬರಿಗೆ ನಮ್ಮ ಪಾರ್ಕಿನ ಹೊಸ ಸೇವೆ ಎಂದು. ಯಾರಿಗೆ ಯಾವ ಕಾರಣ ಹೇಳಿದ್ದೇನೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾಗಿದೆ. ಭುಜ ಎತ್ತಲಾಗುತ್ತಿಲ್ಲ. ಹನ್ನೆರಡು ದಿನಕ್ಕೆ ಒಂದು ಗ್ಯಾಸ್ ಸಿಲಿಂಡರ್ ಖಾಲಿಯಾಯಿತು. “ಏನೇ ಇದು, ಛತ್ರದ ಅಡುಗೆ ನಡೀತಿದೆಯಾ?” ಎಂದು ನಮ್ಮವರು ಕೇಳಿದರು. ನಿಮ್ಮ ಕೆಮ್ಮಿಗೆ ಎಂದೆ. ಕೆಮ್ಮು ಯಾವತ್ತೋ ಹೋಯಿತು ಎಂದರು.

ಬೆಳಿಗ್ಗೆಯಿಂದ ಸ್ನಾನದ ಮನೆ ತೊಳೆದಿಲ್ಲ ಎಂದು ಈಗ ನೆನಪಾಯಿತು. ನಿನ್ನೆಯೂ ತೊಳೆದಿರಲಿಲ್ಲವೇನೋ.

ಮಾರ್ಚ್ 18, ಮಂಗಳವಾರ

ಡ್ರೈವರಣ್ಣನಿಗೆ ಜ್ವರ. ಬೆಳಿಗ್ಗೆಯಿಂದ ವಾಂತಿ, ಭೇದಿ. ನಮ್ಮವರೇ ಅವರ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋದರು. ಅಣ್ಣ ಹಿಂದಿನ ಹಾಸಿಗೆಯಲ್ಲಿ ಮಲಗಿ, “ಕ್ಲಚ್ ಬಿಡಪ್ಪಾ, ಕ್ಲಚ್ ಬಿಡು,” ಎನ್ನುತ್ತಿದ್ದರು. ತುಟಿ ಬೆಳ್ಳಗಾಗಿತ್ತು.

ನಾಲ್ಕನೇ ಜಾಗ ಖಾಲಿ ಬಿದ್ದಿದೆ. ಬಿಸಿಲಿಗೂ ಹೀಗಾಗುತ್ತದೆ, ಅಲ್ಲವೇ? ವಯಸ್ಸಾದವರಿಗೆ ಬಿಸಿಲು ತಡೆಯುವುದಿಲ್ಲ.

ಮಾರ್ಚ್ 19, ಬುಧವಾರ

ಅತ್ತಿಗೆಗೆ ಬಟ್ಟೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಅಣ್ಣನನ್ನು ಗಾಜಿನ ಬಾಗಿಲಿನ ಒಳಗಿಟ್ಟಿದ್ದಾರೆ. ಎರಡು ಕೈಗೂ ನಳಿಗೆ.

ಅತ್ತಿಗೆ ಬೆಂಚಿನ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: “ಡಾಕ್ಟರು ಮೊದಲು ಕೇಳಿದ್ದೇ ನೀರು. ಎಲ್ಲಿ ನೀರು ಕುಡಿದ್ರಿ ಅಂದ್ರು. ನಿನ್ನ ಕಾಗದದ ಫೋಟೋ ತೋರಿಸ್ದೆ, ಆರು ದಿನದ ಹಿಂದಿಂದು. ಹಾಗಾದ್ರೆ ನೀರಲ್ಲ ಅಂದ್ರು. ಆ ಕಿಡ್ನಿ ಕಾಯೋ ಮಾತ್ರೇನೇ ಕೆಲವರಿಗೆ ಹೀಗೆ ಹೊಟ್ಟೆ ಕೆಡಿಸುತ್ತಂತೆ. ಪರೀಕ್ಷೆಗೆ ಕಳಿಸಿದ್ದಾರೆ, ಬರೋಕೆ ಮೂರು ದಿನ ಬೇಕಂತೆ. ಅಲ್ಲಿಯವರೆಗೆ ಅಂತ ನಿನ್ನೆಯಿಂದ ಮಾತ್ರೆ ಕಮ್ಮಿ ಮಾಡಿ ನೋಡ್ತಿದ್ದಾರೆ.”

“ಕಮ್ಮಿ ಮಾಡಿದ್ರೆ ಕಿಡ್ನಿಗೆ?”

“ಅದೇ ಭಯ ಕಣೇ. ಕಾವಲು ಎದ್ದುಬಿಟ್ರೆ ಕಿಡ್ನೀನ ಒದ್ದುಬಿಡುತ್ತೆ. ಇನ್ನೊಂದು ಕೊಡೋಣ ಅಂದ್ರೆ ನನ್ನ ಹತ್ರ ಉಳಿದಿರೋದು ಒಂದೇ.” ನಗಲು ಹೋದರು, ಬಾಯಿ ಸೊಟ್ಟಗಾಯಿತು.

ನನ್ನ ಕಾಗದ ನೋಡಿ ಡಾಕ್ಟರು ದಾರಿ ತಪ್ಪಿದ್ದಾರೆ. ನಾನು ಈಗ ಬಾಯಿ ಬಿಟ್ಟರೆ ಮಾತ್ರೆ ಉಳಿಯುತ್ತದೆ, ಮಾತ್ರೆ ಉಳಿದರೆ ಕಿಡ್ನಿ ಉಳಿಯುತ್ತದೆ. ಇಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ಅಲ್ಲೇ ಹೇಳಬೇಕಿತ್ತು. ಅತ್ತಿಗೆಯ ಕೈ ನನ್ನ ಮೊಣಕಾಲ ಮೇಲಿತ್ತು. ನಾನು ಏನು ಹೇಳಿದೆ ಗೊತ್ತೇ? “ಊಟ ಮಾಡಿದ್ರಾ ಅತ್ತಿಗೆ?” ಎಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಸರಳು ಹಿಡಿದ ಕೈ ಬಿಡಿಸಲಾಗಲಿಲ್ಲ. ಕಂಡಕ್ಟರ್ ಬಂದು, “ನಿಮ್ಮ ಸ್ಟಾಪ್ ಹೋಯ್ತು,” ಎಂದ.

ಈಗ ಸಂಜೆ ಐದು. ನಮ್ಮವರು ಹೊರಗೆ ಪೈಪು ಸುತ್ತುತ್ತಿದ್ದಾರೆ. ಹೇಳುತ್ತೇನೆ. ಈ ಸಾಲು ಬರೆದು ಮುಗಿಸಿ ಎದ್ದು ಹೋಗುತ್ತೇನೆ.

ಮಾರ್ಚ್ 20, ಗುರುವಾರ

ಹೇಳಿದೆ. ಪುಡಿ ತೊಳೆದದ್ದು, ಹದಿನೇಳು ಸಲವೂ ತೊಳೆದದ್ದು. ನಮ್ಮವರು ಪಂಪಿನ ಕೋಣೆಗೆ ಹೋಗಿ ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಫೋನು ನನ್ನ ಮುಂದಿಟ್ಟರು. ಆಸ್ಪತ್ರೆಗೆ ಮಾಡಿದೆ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಎರಡು ಸಲ ಹೇಳಿಸಿಕೊಂಡರು, ಫೋನ್ ಇಡದೆಯೇ ಯಾರಿಗೋ, “ಆ ಡೋಸ್ ತಡೀರಿ, ಕಮ್ಮಿ ಮಾಡೋದು ಬೇಡ,” ಎಂದು ಕೂಗಿದರು. ಆ ಕೂಗು ಇನ್ನೂ ಕಿವಿಯಲ್ಲಿದೆ.

ಇನ್ಸ್‌ಪೆಕ್ಟರಿಗೂ ಮಾಡಿದೆ. ಬೋರ್ಡಿನ ಕಾಗದ ಹರಿದು ಹಾಕಿದೆ. ಗಾಡಿ ಗಾಡಿಗೂ ಹೋಗಿ ಬಾಗಿಲು ತಟ್ಟಿದೆ. ನೀರು ಕುಡಿಯಬೇಡಿ, ಕುಡಿದಿದ್ದರೆ ಡಾಕ್ಟರ ಹತ್ತಿರ ಹೋಗಿ ಎಂದೆ. ಅವಳಿ ಮಕ್ಕಳ ತಾಯಿ ಹೋದ ವರ್ಷದ ನನ್ನ ಮಾತು ಮರೆತಿರಲಿಲ್ಲ. ಮುಖಕ್ಕೆ ಹೊಡೆದಂತೆ ಕೇಳಿದಳು. ಕೇಳಲಿ. ಅವಳ ಹಿಂದೆ ಇನ್ನೂ ಹದಿನೇಳು ಬಾಗಿಲು ಇದ್ದವು, ನಿಲ್ಲಲು ಹೊತ್ತಿರಲಿಲ್ಲ.

ಇವತ್ತು ಆಸ್ಪತ್ರೆಗೆ ಹೋಗಿ ಅತ್ತಿಗೆಯ ಕಾಲು ಹಿಡಿದೆ. ಅವರು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡರು. “ಗೊತ್ತಿಲ್ದೆ ಆಗಿದ್ದಕ್ಕೆ ಯಾಕೆ ಹೀಗೆ ಅಳ್ತೀಯೇ? ಪುಡಿ ಇಡ್ಬೇಕು ಅಂತ ನಿನಗೇನು ಕನಸು ಬಿದ್ದಿತ್ತಾ? ತಿಳಿದ ಕೂಡಲೇ ಫೋನ್ ಮಾಡಿದ್ಯಲ್ಲ,” ಎಂದು ನನ್ನ ಕಣ್ಣನ್ನು ತಮ್ಮ ಸೆರಗಿನಲ್ಲಿ ಒರೆಸಿದರು.

ಹನ್ನೊಂದನೇ ತಾರೀಖಿನದನ್ನು ಗೊತ್ತಿದ್ದೂ ತೊಳೆದೆ ಎಂದು ಮಾತ್ರ ಯಾರಿಗೂ ಹೇಳಿಲ್ಲ. ನಮ್ಮವರಿಗೂ ಇಲ್ಲ. ಅದನ್ನು ಹೇಳಿದರೆ ಈಗ ಯಾರಿಗೆ ಏನು ಉಪಯೋಗ? ಡಾಕ್ಟರಿಗೆ ಬೇಕಾದದ್ದು ತಿಳಿಯಿತಲ್ಲ.

ಮಾರ್ಚ್ 24, ಸೋಮವಾರ

ಪುಡಿ ಸಮೇತ ಇನ್ಸ್‌ಪೆಕ್ಟರೇ ತುಂಬಿದ ಬಾಟಲಿಯ ಫಲಿತಾಂಶ ಬಂತು. ಕುಡಿಯುವುದಿರಲಿ, ಬಾಯಿ ಮುಕ್ಕಳಿಸಲೂ ಆಗದ ನೀರು. ನಮ್ಮವರು ಎರಡು ದಿನ ಅಗೆದು, ಕಕ್ಕಸಿನ ಗುಂಡಿಯ ಪೈಪು ಬೋರ್‌ವೆಲ್ಲಿನ ಹತ್ತಿರ ಬಿರಿದಿರುವುದನ್ನು ಹುಡುಕಿದ್ದಾರೆ. ಪಾರ್ಕ್ ಮುಚ್ಚಿದೆ. ಅಣ್ಣನ ಜ್ವರ ಇಳಿದಿದೆ, ಬೇರೆ ಔಷಧಿ ಹಿಡಿದಿದೆ. ಒಂದೂವರೆ ದಿನ ಮಾತ್ರೆ ಕಡಿಮೆಯಾಗಿದ್ದರಿಂದ ಕಿಡ್ನಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಇನ್ನೂ ಎರಡು ವಾರ ಬೇಕಂತೆ. ಅತ್ತಿಗೆ ಆ ಎರಡು ವಾರವನ್ನು ಬೆಂಚಿನ ಮೇಲೆಯೇ ಕಳೆಯಲು ತಯಾರಾಗಿ ದಿಂಬು ತರಿಸಿಕೊಂಡಿದ್ದಾರೆ.

ನಾನು ಅಲ್ಲಿದ್ದಾಗ ಇನ್ಸ್‌ಪೆಕ್ಟರ್ ಬಂದರು. ನನ್ನ ಹೇಳಿಕೆ ಬರೆದುಕೊಳ್ಳಬೇಕಿತ್ತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಮೊಣಕಾಲ ಮೇಲೆ ಫೈಲು ಇಟ್ಟುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: “ಮೂರನೇ ತಾರೀಖು ನಾನು ನಿಮಗೆ ಪುಡಿ ವಿಷಯ ಹ್ಯಾಗೋ ಗಡಿಬಿಡೀಲಿ ಹೇಳಿ ಹೊರಟುಬಿಟ್ಟೆ. ನಿಮಗೆ ಅರ್ಥ ಆಯ್ತಾ ಅಂತ ಕೇಳ್ಲಿಲ್ಲ. ಕೈಯಲ್ಲಿ ಹಿಡಿದು ತೋರಿಸ್ಬೇಕಿತ್ತು. ಹನ್ನೊಂದನೇ ತಾರೀಖಿನ ಬಾಟಲಿ ಮಟ್ಟಿಗೆ ತಪ್ಪು ನಂದೂ ಇದೆ. ನಾನು ಹಾಗೇ ಬರೀತೀನಿ. ಇಲ್ಲೊಂದು ಸಹಿ ಹಾಕಿ.”

“ಬರೀರಿ ಸಾರ್,” ಎಂದರು ಅತ್ತಿಗೆ. “ಪಾಪ, ಇವಳು ಒಂದು ವಾರದಿಂದ ಅನ್ನ ಮುಟ್ಟಿಲ್ಲ. ಮೊದಲೇ ಗೊತ್ತಿದ್ದಿದ್ರೆ ಇವಳು ಅವರಿಗೆ ಒಂದು ತೊಟ್ಟು ಕುಡಿಯೋಕೆ ಬಿಡ್ತಿದ್ಲಾ?”

ಪೆನ್ನು ನನ್ನ ಕೈಯಲ್ಲಿತ್ತು. ಕಾಗದದ ಮೇಲೆ ಅವರು ಅಚ್ಚುಕಟ್ಟಾಗಿ ಬರೆದಿದ್ದರು: ‘ಸೂಚನೆ ಅರ್ಥವಾಗದೆ ತೊಳೆದಿರುತ್ತಾರೆ.’ ಅದರ ಕೆಳಗೆ ಗೆರೆ. ಒಂದು ಸಹಿ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟು ಭಯ ಈ ಮೂರು ವಾರದಲ್ಲಿ ಯಾವತ್ತೂ ಆಗಿರಲಿಲ್ಲ.

“ಅರ್ಥ ಆಗಿತ್ತು ಸಾರ್,” ಎಂದೆ. “ನೀವು ಸರಿಯಾಗೇ ಹೇಳಿದ್ರಿ. ಹನ್ನೊಂದನೇ ತಾರೀಖು ನಾನು ಗೊತ್ತಿದ್ದೇ ತೊಳೆದೆ.”

ಇನ್ಸ್‌ಪೆಕ್ಟರ್ ಪೆನ್ನು ವಾಪಸ್ ತೆಗೆದುಕೊಂಡರು. ಆಮೇಲೆ ಆ ಸಾಲನ್ನು ಹೊಡೆದುಹಾಕಿ, ಹೊಸದಾಗಿ ಬರೆದು ಕೊಟ್ಟರು. ಸಹಿ ಹಾಕಿದೆ. ಅವರು ಎದ್ದು ಹೋದರು.

ಅತ್ತಿಗೆ ತಾರೀಖುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರು ಎಂದು ಕಾಣುತ್ತದೆ, ತುಟಿ ಅಲುಗುತ್ತಿತ್ತು. ನಾನು ಹೊತ್ತುಕೊಂಡು ಹೋದ ಕ್ಯಾನು, ಅವರು ಬೇಡವೆಂದು ವಾಪಸ್ ಕಳಿಸಿದ ಸಂಜೆ, ಆಮೇಲಿನ ಐದು ದಿನ. ನನ್ನ ಮೊಣಕಾಲ ಮೇಲಿದ್ದ ಕೈ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಹೊಡೆದಿದ್ದರೂ ಸರಿಯೇ ಎನ್ನಿಸಿತು.

ಒಳಗಿನಿಂದ ನರ್ಸ್ ಕರೆದಳು. ಅತ್ತಿಗೆ ಎದ್ದು ನಿಂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನ ಮುಖ ನೋಡದೆ, ಯಾರೋ ಪರಿಚಯವಿಲ್ಲದ ಹೆಂಗಸಿಗೆ ಹೇಳುವಷ್ಟು ಮರ್ಯಾದೆಯಿಂದ ಹೇಳಿದರು:

“ನೀವಿನ್ನು ಹೊರಡಿ.”